ಪಾಠದಿಂದ ಕತ್ತರಿಸಿದ ನಗು

ಮಾರ್ಚ್ 12, ಗುರುವಾರ

ನಮ್ಮ ಕಾಲೇಜಿನ ಆ ಹುಡುಗಿ ಕೊಟ್ಟ ಚೀಟಿ ಒಂದು ವಾರದಿಂದ ನನ್ನ ಅಂಗಿಯ ಜೇಬಿನಲ್ಲೇ ಇದೆ. "ತಾತಾ, ವಿಡಿಯೋದಲ್ಲಿ ಎಲ್ಲರೂ ನಗುವಾಗ ಕೆಳಗಿನ ಅಕ್ಷರ ಯಾಕೆ ನಿಂತುಹೋಗುತ್ತೆ? ಕಿವಿ ಕೇಳಿಸದ ನನ್ನನ್ನೇ ಆಡಿಕೊಳ್ತಿದ್ದಾರಾ? ಹಾಗಿದ್ರೆ ನಾನಿನ್ನು ಕಾಲೇಜಿಗೇ ಬರಲ್ಲ."

ತಪ್ಪು ನನ್ನದೇ. ಭೌತಶಾಸ್ತ್ರದ ಮೇಷ್ಟ್ರ ಪಾಠದ ವಿಡಿಯೋಗಳಿಗೆ ಅವರ ಮಾತನ್ನು ಅಕ್ಷರದಲ್ಲಿ ಕೂರಿಸುವವನು ನಾನು. ಗ್ರಂಥಾಲಯದಲ್ಲಿ ಪುಸ್ತಕ ಹೊಲಿಯುತ್ತಿದ್ದ ಕೈ ಇದು, ಟೈಪಿಂಗ್ ತಾನಾಗೇ ಕಲಿತದ್ದು. ಬೈಂಡು ಮಾಡಿದ ಪುಸ್ತಕದ ಅಂಚು ಕತ್ತರಿಸಿ ನೇರ ಮಾಡುವ ಹಾಗೆ ಮೇಷ್ಟ್ರ ಜೋಕುಗಳನ್ನೆಲ್ಲ ಕತ್ತರಿಸಿಬಿಟ್ಟಿದ್ದೆ. ಪರೀಕ್ಷೆಗೆ ಬರುವುದಿಲ್ಲವಲ್ಲ ಅಂತ! ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

ವಾರವಿಡೀ ಕೂತು ಮೂವತ್ತೊಂದು ಪಾಠಗಳಿಗೂ ಜೋಕು ವಾಪಸ್ ಸೇರಿಸಿದೆ. ಕಣ್ಣು ಇನ್ನೂ ಉರಿಯುತ್ತಿದೆ.

ಇವತ್ತು ಮಧ್ಯಾಹ್ನ ಗ್ರಂಥಾಲಯದಲ್ಲಿ ಅವಳನ್ನು ಕೂರಿಸಿ ಘರ್ಷಣೆಯ ಪಾಠ ಹಾಕಿದೆ. ಪರದೆಯ ಮೇಲೆ ಬಂತು: "ಘರ್ಷಣೆ ಅನ್ನೋದು ಇಲ್ದಿದ್ರೆ ನಾನು ಇಲ್ಲಿಂದ ಜಾರಿ ಕ್ಯಾಂಟೀನಲ್ಲೇ ಇರ್ತಿದ್ದೆ." ಬಗ್ಗಿ ಎರಡು ಸಲ ಓದಿದಳು. ಆಮೇಲೆ ನಕ್ಕಳು ನೋಡಿ, ಕಿಟಕಿಯ ಗಾಜು ನಡುಗಬೇಕು!

ಗ್ರಂಥಪಾಲಕಿ ದಡದಡ ಬಂದರು. "ಏನ್ರೀ ಯಜಮಾನ್ರೇ, ಇಲ್ಲಿ ಸದ್ದು ಮಾಡಬಾರದು ಅಂತ ನಿಮಗೂ ಗೊತ್ತಿಲ್ವಾ?"

"ಬೈಯೋದಾದ್ರೆ ನನ್ನನ್ನೇ ಬೈರಿ ಮೇಡಂ. ಆ ಸದ್ದು ಮಾಡಿಸಿದ್ದು ನಾನೇ," ಅಂದೆ. ಅಷ್ಟು ಎದೆಯುಬ್ಬಿಸಿ ಬೈಸಿಕೊಂಡದ್ದು ಜನ್ಮದಲ್ಲಿ ಇದೇ ಮೊದಲು.

ಹೊರಡುವಾಗ ಅವಳು ನನ್ನ ಜೇಬಿನಿಂದ ಚೀಟಿ ಎಳೆದು ಹಿಂದುಗಡೆ ಬರೆದಳು: "ನಾಳೆ ಕ್ಲಾಸಿಗೆ ಬರ್ತೀನಿ. ಜೋಕು ಹಳಸಲು ಅಂತ ಮೇಷ್ಟ್ರಿಗೆ ಯಾರಾದ್ರೂ ಹೇಳ್ಬೇಕಲ್ಲ."