ಒತ್ತಿ ನೋಡಿದ ಕಣ್ಣು

ಮನೆಯಿಂದ, ಸೋಮವಾರ, ಕೆಲಸಕ್ಕೆ ಹೊರಡೋ ಮುಂಚೆ

ಅಣ್ಣಾ,

ಇಲ್ಲ, ನಾನು ಕಣ್ಣು ಉಜ್ಜಿಲ್ಲ. ಫೋನಲ್ಲಿ ನೀನೇ ಉಜ್ಜಿರ್ತೀಯ ಅಂದು ಕಟ್ ಮಾಡಿಬಿಟ್ಟೆಯಲ್ಲ, ಅದಕ್ಕೇ ಈ ಕಾಗದ. ಇದರಲ್ಲಾದ್ರೆ ನೀನು ನಡುವೆ ಬಾಯಿ ಹಾಕೋಕಾಗಲ್ಲ. ಸೊಂಟನೋವು ಹೇಗಿದೆ? ಕಣ್ಣು ಹೇಗಿದೆ ಅಂತ ಕೇಳಲ್ಲ. ಅದು ವಾಸಿಯಾಗಿದ್ದನ್ನ ಅಮ್ಮ ಬೀದಿಗೆಲ್ಲ ಸಾರಿದ್ದಾಳೆ.

ಇಬ್ಬರಿಗೂ ಒಂದೇ ಕಾಯಿಲೆ, ಕಣ್ಣಿನ ಮುಂದಿನ ಪರದೆ ಮೆತ್ತಗಾಗಿ ಮೂತಿ ಚೂಪಾಗೋದು. ಹೋದ ವರ್ಷ ಆಸ್ಪತ್ರೆಯಲ್ಲಿ ಪರದೆ ಗಟ್ಟಿ ಮಾಡೋಕೆ ಒಂದೇ ದಿನ, ಒಂದೇ ಹಳದಿ ಹನಿ, ಒಂದೇ ನೀಲಿ ಬೆಳಕು. ನಿಂದು ಗಟ್ಟಿಯಾಯ್ತು, ಮತ್ತೆ ಬಸ್ಸಿನ ಸ್ಟೇರಿಂಗ್ ಹಿಡಿದೆ. ನಂದು? ಹೋದ ವಾರ ಆ ಮಷಿನ್ ಮೇಲೆ ಗಲ್ಲ ಇಟ್ಟೆ. ಅದು ಫುಸ್ ಅಂತ ಗಾಳಿ ಊದಿ, ಪರದೆ ಎಷ್ಟು ತಗ್ಗುತ್ತೆ, ಎಷ್ಟು ಬೇಗ ಎದ್ದು ಬರುತ್ತೆ ಅಂತ ಫೋಟೋ ಹಿಡಿಯುತ್ತೆ. ಪರೀಕ್ಷೆ ಮಾಡೋ ಅಕ್ಕ ನಿನ್ನ ಫೋಟೋ ಪಕ್ಕದಲ್ಲೇ ನಂದಿಟ್ಟಳು. ನಿಂದು ಒಂಚೂರು ಬಗ್ಗಿತ್ತು. ನನ್ನ ಎಡಗಣ್ಣು ಬಟ್ಟಲಾಗಿತ್ತು. ಹತ್ತನೇ ಕ್ಲಾಸಲ್ಲೂ ಅಪ್ಪ ಹೀಗೇ ನಮ್ಮಿಬ್ಬರ ಮಾರ್ಕ್ಸ್ ಕಾರ್ಡ್ ಜೋಡಿಸಿಟ್ಟು ನೋಡಿದ್ದ. ಕಣ್ಣಲ್ಲೂ ನೀನೇ ಫಸ್ಟ್ ಕ್ಲಾಸಾ?

ಕಣ್ಣು ಉಜ್ಜುತ್ತೀಯಾ ಅಂದಳು ಆ ಅಕ್ಕ. ಇಲ್ಲಕ್ಕ, ದಿನಾ ಬೆಳಿಗ್ಗೆ ರೆಪ್ಪೆ ಮೇಲೆ ಬೆರಳಿಟ್ಟು ಒತ್ತಿ ನೋಡ್ತೀನಿ ಅಷ್ಟೆ, ಅಣ್ಣಂದಷ್ಟು ಗಟ್ಟಿಯಾಯ್ತಾ ಅಂತ, ಅಂದೆ. ಅವಳು ಪೆನ್ನು ಕೆಳಗಿಟ್ಟಳು. "ಏನಪ್ಪಾ ಕೆಲಸ ನಿಂದು?" ಗಾರೆ ಕೆಲಸ ಅಂದೆ. "ಹಸಿ ಗೋಡೆ ಒಣಗಿತಾ ಅಂತ ದಿನಾ ಹೆಬ್ಬೆಟ್ಟು ಒತ್ತಿದ್ರೆ ಗೋಡೆ ಉಳಿಯುತ್ತಾ?" ಮನೆ ಕಟ್ಟಿಸೋರಿಗೆಲ್ಲ ನಾನೇ ಬೈಯೋ ಮಾತದು. ಒಂದು ವರ್ಷ ಒತ್ತಿದೀನಿ ಅಣ್ಣಾ. ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ ನನ್ನ ಕಣ್ಣೇ ಸಿಕ್ಕಿತು.

ಅತ್ತಿಗೆಗೆ ನಮಸ್ಕಾರ. ಪುಟ್ಟಿಗೆ ಎರಡು ಮುತ್ತು, ನಿನಗೇನೂ ಇಲ್ಲ.

ಇಂತಿ,
ಮೆತ್ತಗಿನ ತಮ್ಮ

ಮರೆತಿದ್ದೆ: ಗುರುವಾರ ಎಡಗಣ್ಣಿಗೆ ಮತ್ತೆ ಬೆಳಕು ಬಿಡ್ತಾರೆ. ಪರದೆ ತೆಳ್ಳಗಾಗಿದೆ, ಇದೇ ಕೊನೇ ಸಲ ಅಂದಿದ್ದಾರೆ. ಅಮ್ಮನಿಗೆ ಹೇಳಿಲ್ಲ. ಆಮೇಲೆ ನಾಲ್ಕು ದಿನ ಕಣ್ಣು ಉರಿಯುತ್ತೆ, ನಿದ್ದೆಯಲ್ಲಿ ನನ್ನ ಕೈ ನನ್ನ ಮಾತು ಕೇಳಲ್ಲ. ಯಾರಾದ್ರೂ ಹಿಡ್ಕೋಬೇಕು. ನೀನೇ ಬಾ. ಬಂದು ನಿನ್ನ ಕಣ್ಣಿನ ಸುದ್ದಿ ಮಾತ್ರ ಎತ್ತಬೇಡ. ನಿನ್ನ ಕಂಡಕ್ಟರ್ ಡ್ಯೂಟಿಗೆ ಹೊರಡೋಕೆ ಮುಂಚೆ ಇದು ಅವನ ಕೈ ಸೇರಬೇಕು, ನಿನಗೆ ಅವನೇ ತಂದುಕೊಡ್ತಾನೆ. ಇನ್ನು ದಾರಿಯುದ್ದಕ್ಕೂ ಒಂದು ಕೈಯಲ್ಲಿ ಕಾಗದ, ಇನ್ನೊಂದು ಕಣ್ಣಿಗೆ ಹೋಗದ ಹಾಗೆ ಜೇಬಿನೊಳಗೆ. ಬಾಗಿಲು ಎಳ್ಕೊಂಡು ಹೊರಟೆ.