ನೀವು ಬೀಳಲಿ ಅಂತ ಕಾದವಳು

ಹಸಿರು ಉಡುಪಿನ ಅಕ್ಕನಿಗೆ,

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಬರುವುದಿಲ್ಲ. ಮೊನ್ನೆ ಶನಿವಾರ ನೀವು ಐಸಿನ ಮೇಲಿದ್ದಾಗ, ಇಲ್ಲಿ ನಮ್ಮ ಲಾಂಡ್ರಿಯಲ್ಲಿ ಮೂರು ಜನ ಕೂತು ನೀವು ಬೀಳಲಿ ಅಂತ ಬೇಡಿಕೊಳ್ಳುತ್ತಿದ್ದೆವು. ಅದರಲ್ಲಿ ನಾನೂ ಒಬ್ಬಳು. ಬಯ್ಯುವುದಾದರೆ ಪೂರ್ತಿ ಓದಿ ಬಯ್ಯಿರಿ.

ನನ್ನ ಗುರುತು ಸಿಕ್ಕಿರಲಿಕ್ಕಿಲ್ಲ. ನಾನೂ ನಿಮ್ಮ ಹಾಗೆ ಜೋಡಿ ಸ್ಕೇಟಿಂಗ್ ಮಾಡುವವಳು. ಈ ಸೀಸನ್ನಿನ ಮೊದಲ ಸ್ಪರ್ಧೆಯಲ್ಲಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಬೆನ್ನಿನ ಹುಕ್ಕು ಕಿತ್ತುಹೋಗಿ ಅಳುಮೋರೆ ಹಾಕಿಕೊಂಡು ನಿಂತಿದ್ದೆನಲ್ಲ, ಅವಳು. ನೀವು ಏನೂ ಕೇಳದೆ ನನ್ನನ್ನು ಗೋಡೆ ಕಡೆ ತಿರುಗಿಸಿ, ಸೂಜಿ ತೆಗೆದು ಹೊಲಿದು, ದಾರವನ್ನು ಹಲ್ಲಲ್ಲೇ ಕಡಿದು, “ಹೋಗು, ಇನ್ನು ನೀನು ಹರಿದರೂ ಇದು ಹರಿಯಲ್ಲ” ಅಂದಿರಿ. ಅವತ್ತು ನಾವು ಮೂರನೆಯವರಾದೆವು, ನೀವು ನಾಲ್ಕನೆಯವರು. ಉಪಕಾರ ಮಾಡಿದವರನ್ನೇ ಹಿಂದೆ ಹಾಕಿದೆನಲ್ಲ ಅಂತ ಒಳಗೊಳಗೇ ಸಂಕೋಚ. ಆದರೂ ಪದಕ ಕೊರಳಿಗೆ ಬಿದ್ದಾಗ ಹಲ್ಲು ಕಿರಿದದ್ದೇ ಕಿರಿದದ್ದು, ಸುಳ್ಳು ಯಾಕೆ ಹೇಳಲಿ.

ನನ್ನ ಜೊತೆಗಾರನನ್ನು ನೀವು ಮರೆತಿರಲಾರಿರಿ, ಬಾಗಿಲಿಗೆ ತಲೆ ತಾಗುವ ಆಳು. ನಾನು ಅವನನ್ನು ಬೆಟ್ಟ ಅನ್ನುತ್ತೇನೆ, ಅವನು ನನ್ನನ್ನು ಮೂಟೆ ಅನ್ನುತ್ತಾನೆ. ಒಂಬತ್ತು ವರ್ಷದಿಂದ ಹೊತ್ತವನು, ಅನ್ನಲಿ ಬಿಡಿ. ಬೆಳಿಗ್ಗೆ ನನ್ನ ಜೊತೆ ಐಸಿನ ಮೇಲೆ, ಮಧ್ಯಾಹ್ನ ಬಡಗಿ ಕೆಲಸ. ನಮ್ಮಿಬ್ಬರ ನಡುವೆ ಏನೋ ಇದೆ ಅಂತ ಕೇಳಿ ಕೇಳಿ ಜನರೇ ಸುಸ್ತಾಗಿ ಬಿಟ್ಟಿದ್ದಾರೆ. ಅಂಥದ್ದೇನೂ ಇಲ್ಲ. ಆದರೆ ಅವನ ಕೈ ಸೊಂಟಕ್ಕೆ ತಾಗಿದ ತಕ್ಷಣ ಹಿಂದಿನ ರಾತ್ರಿ ನಿದ್ದೆ ಆಗಿದೆಯೋ ಇಲ್ಲವೋ ನನಗೆ ಗೊತ್ತಾಗುತ್ತದೆ. ಅದಕ್ಕೆ ಏನು ಹೆಸರೋ ಕಾಣೆ.

ಎರಡನೇ ಸ್ಪರ್ಧೆಯಲ್ಲಿ ಆ ಕೈ ಸೋತಿತು. ತಲೆಯ ಮೇಲೆ ಎತ್ತಿ ಹಿಡಿದು ಸುತ್ತುವಾಗ ಭುಜ ಸೆಟೆದುಕೊಂಡು, ಇನ್ನೂ ಅರ್ಧ ಸುತ್ತು ಬಾಕಿ ಇರುವಾಗಲೇ ನನ್ನನ್ನು ಇಳಿಸಿಬಿಟ್ಟ. ಎರಡನೇ ಸ್ಥಾನ ಕೈತಪ್ಪಿತು, ಮತ್ತೆ ಮೂರನೆಯದೇ ಸಿಕ್ಕಿತು. ವಾಪಸ್ ಬರುವಾಗ ಬಸ್ಸಿನ ಕಿಟಕಿ ಕಡೆ ಮುಖ ಮಾಡಿಕೊಂಡು ಹೇಳಿದ, “ಮೂಟೆ, ಫೈನಲ್ಲಿಗೆ ಹೋದರೆ ಸರಿ. ಇಲ್ಲದಿದ್ರೆ ನಾನು ಇಲ್ಲಿಗೆ ನಿಲ್ಲಿಸ್ತೀನಿ. ಮೂವತ್ತಾರಾಯ್ತು. ನಿನಗೆ ಯಾರಾದ್ರೂ ಗಟ್ಟಿ ಹುಡುಗ ಸಿಗ್ತಾನೆ.” ಗಟ್ಟಿ ಹುಡುಗ ಯಾರಿಗೆ ಬೇಕಾಗಿದೆ! ನನಗೆ ಬೇರೆ ಯಾರ ಕೈಯೂ ಬೇಡ ಅಂತ ಅಲ್ಲೇ ಹೇಳಬೇಕಿತ್ತು. “ನೋಡೋಣ” ಅಂದೆ, ಅಷ್ಟೇ.

ಲೆಕ್ಕ ನಿಮಗೂ ಬಾಯಿಪಾಠ ಇರುತ್ತದೆ. ಫೈನಲ್ಲಿಗೆ ಆರೇ ಜೋಡಿ. ಎಲ್ಲರಿಗೂ ಎರಡೆರಡು ಸ್ಪರ್ಧೆ, ಸ್ಥಾನಕ್ಕೆ ತಕ್ಕ ಅಂಕ. ನಮ್ಮ ಎರಡೂ ಮುಗಿದು ನಾವು ಆರನೇ ಜಾಗದ ಅಂಚಿನಲ್ಲಿ ಕೂತಿದ್ದೆವು. ಉಳಿದದ್ದು ಶನಿವಾರದ ಕೊನೆಯ ಸ್ಪರ್ಧೆ. ಅದರಲ್ಲಿ ನೀವು ಮೂರನೆಯವರಾದರೆ ನಾವು ಒಳಗೆ. ಎರಡನೆಯವರಾದರೆ ಅಂಕ ಸಮ, ಆಗ ಮೇಲಿನ ಸ್ಥಾನ ಕಂಡವರಿಗೇ ಜಾಗ, ಒಂದು ಎರಡನೇ ಸ್ಥಾನ ಕಂಡವರು ನೀವು, ಹಾಗಾಗಿ ನಾವು ಹೊರಗೆ. ಒಟ್ಟಿನಲ್ಲಿ ನನ್ನ ಒಂಬತ್ತು ವರ್ಷ ನಿಮ್ಮ ಕಾಲ ಮೇಲೆ ನಿಂತಿತ್ತು.

ಲಾಂಡ್ರಿ ಅಮ್ಮನದು. ಇಸ್ತ್ರಿ ಮೇಜಿನ ಮೇಲೆ, ಮಡಚಿಟ್ಟ ಬೆಡ್‌ಶೀಟುಗಳಿಗೆ ಫೋನು ಒರಗಿಸಿ ಮೂವರೂ ಕೂತೆವು. ಅಮ್ಮ ತುಂಬ ನ್ಯಾಯವಂತೆ. “ಆ ಹುಡುಗಿಗೆ ಪೆಟ್ಟಾಗೋದು ಬೇಡಪ್ಪಾ. ಸುಮ್ನೆ ಒಂದೇ ಒಂದ್ಸಲ ಮೆತ್ತಗೆ ಕೂತುಬಿಡ್ಲಿ, ಸಾಕು” ಅಂತ ಬೇಡಿಕೊಳ್ಳುತ್ತಿದ್ದಳು. ಬೆಟ್ಟ ಯಾರದೋ ಅಂಗಿಯ ಗುಂಡಿ ತಿರುಗಿಸುತ್ತ ಕೂತಿದ್ದ, ಕಿತ್ತೇಬಿಡುತ್ತಾನೋ ಅಂತ ಅಮ್ಮನಿಗೆ ಆ ಭಯ ಬೇರೆ.

ನೀವು ಬಂದಿರಿ. ಜೊತೆಗೆ ನಿಮ್ಮ ಯಜಮಾನರು, ಮೊಣಕಾಲಿಗೆ ದಪ್ಪ ಪಟ್ಟಿ ಬಿಗಿದುಕೊಂಡು. ಅವರಿಗೆ ನಲವತ್ತೊಂದು ಅಂತ ಕಾಮೆಂಟರಿಯವನು ಹೇಳಿದ. ಬೆಟ್ಟ ಗುಂಡಿ ಬಿಟ್ಟು ಮುಂದಕ್ಕೆ ಬಗ್ಗಿದ.

ಆಮೇಲೆ ಅವರು ನಿಮ್ಮನ್ನು ಎಸೆದರಲ್ಲ, ಅಕ್ಕಾ, ಅದೇನು ಹಾರಿದಿರಿ! ಗಾಳಿಯಲ್ಲೇ ಮೂರು ಸುತ್ತು ತಿರುಗಿ, ಒಂದೇ ಕಾಲ ಮೇಲೆ ಇಳಿದು, ಏನೂ ಆಗಿಲ್ಲವೇನೋ ಅನ್ನುವ ಹಾಗೆ ಹಿಂದಕ್ಕೆ ಜಾರಿ ಹೋದಿರಿ. ನನಗೆ ಮೈಮೇಲೆ ಎಚ್ಚರವಿಲ್ಲ. “ನಿಂತ್ಲು! ನಿಂತುಬಿಟ್ಲು!” ಅಂತ ಎದ್ದು ಕಿರುಚಿ ಚಪ್ಪಾಳೆ ಹೊಡೆದೆ. “ಲೇ, ತಲೆ ಕೆಟ್ಟಿದೆಯಾ? ನೀನು ಯಾರ ಕಡೆಯೇ?” ಅಂತ ಅಮ್ಮ ಗದರಿದಳು. ಕೊನೆಗೆ ನಿಮ್ಮನ್ನು ತಲೆ ಮೇಲೆ ಎತ್ತಿ ಸುತ್ತುವಾಗ ಅವರ ಮೊಣಕಾಲು ನಡುಗಿದ್ದು ನಮಗೂ ಕಂಡಿತು. ಈಗ ಇಳಿಸುತ್ತಾರೆ ಅಂದುಕೊಂಡೆ. ಇಳಿಸಲಿಲ್ಲ, ಮಹಾರಾಯರು ಪೂರ್ತಿ ಸುತ್ತಿದರು. ಅಷ್ಟರಲ್ಲಿ ಅಮ್ಮನೂ ಕಣ್ಣೊರೆಸಿಕೊಳ್ಳುತ್ತಾ, ನಿಮ್ಮಿಬ್ಬರನ್ನೂ ಬಯ್ಯುತ್ತಾ, ಚಪ್ಪಾಳೆ ತಟ್ಟುತ್ತಿದ್ದಳು.

ನಿಮಗೆ ಎರಡನೇ ಸ್ಥಾನ. ನಾವು ಹೊರಗೆ.

ಬೆಟ್ಟನ ಮುಖ ನೋಡಲು ಧೈರ್ಯ ಸಾಲದೆ ನಾನು ಯಾರದೋ ದಿಂಬಿನ ಕವರು ಮಡಚತೊಡಗಿದೆ. ಅವನೇ ಕೇಳಿದ, “ನಲವತ್ತೊಂದಾ? ಸರಿಯಾಗಿ ಕೇಳಿಸ್ಕೊಂಡ್ಯಾ?” ಹೂಂ ಅಂದೆ. “ಆ ಮೊಣಕಾಲಲ್ಲಿ?” ಹೂಂ ಅಂದೆ. ಅವನು ಎದ್ದ. “ಸೋಮವಾರ ಐಸ್ ಎಷ್ಟು ಗಂಟೆಗೆ ಖಾಲಿ ಇರುತ್ತೆ ಕೇಳೇ ಮೂಟೆ. ಹಾಗಾದ್ರೆ ನನಗಿನ್ನೂ ಐದು ವರ್ಷ ಇದೆ.” ನಾನು ದಿಂಬಿನ ಕವರಿಗೇ ಮುಖ ಒತ್ತಿಕೊಂಡು ಗೊಳೋ ಅಂತ ಅತ್ತೆ. ಗಿರಾಕಿಯ ಕವರು ಅದು, ಅಮ್ಮ ಮತ್ತೆ ಒಗೆಯಬೇಕಾಯಿತು.

ಇವತ್ತು ಬೆಳಿಗ್ಗೆ, ಸ್ಕೇಟಿನ ಲೇಸು ಕಟ್ಟಿಕೊಳ್ಳುವಾಗ, ಅವನು ಇನ್ನೊಂದು ಮಾತು ಬಾಯಿಬಿಟ್ಟ. ಫೈನಲ್ಲಿಗೆ ಹೋಗಿದ್ದರೂ ಅಲ್ಲಿಗೇ ಕೊನೆ ಅಂತ ತೀರ್ಮಾನ ಮಾಡಿಕೊಂಡಿದ್ದನಂತೆ. ನನಗೆ ಹೇಳಿರಲಿಲ್ಲ, ಅಷ್ಟೇ. ಅಕ್ಕಾ, ಶನಿವಾರ ನಮ್ಮ ಬೇಡಿಕೆ ಫಲಿಸಿ ನೀವು ಬಿದ್ದಿದ್ದರೆ ನಾನು ಇವನನ್ನು ಕಳೆದುಕೊಳ್ಳುತ್ತಿದ್ದೆ.

ಫೈನಲ್ಲಿನಲ್ಲಿ ಯಜಮಾನರ ಮೊಣಕಾಲು ಗಟ್ಟಿಯಾಗಿರಲಿ, ಹಾರಿದಷ್ಟು ಸಲವೂ ನೀವು ನಿಲ್ಲಿರಿ. ಲಾಂಡ್ರಿಯ ಮೂವರೂ ಈ ಸಲ ನಿಮ್ಮ ಕಡೆ. ಮುಂದಿನ ವರ್ಷ ಮಾತ್ರ ಬಿಡುವುದಿಲ್ಲ, ನೋಡಿಕೊಳ್ಳಿ.

ನಿಮ್ಮ ಎದುರಾಳಿ, ಪ್ರೀತಿಯ ತಂಗಿ,
ಮೂಟೆ