ನಮ್ಮ ಬೀದಿಗೆ ಬಂದ ಚರಂಡಿ

ಅಂಬತ್ತೂರು, ಡಿಸೆಂಬರ್ ೪

ಮಾನ್ಯ ವಿಶ್ವಾರಾಧ್ಯರಿಗೆ ಭವಾನಿಯ ನಮಸ್ಕಾರಗಳು.

ಪ್ರತಿ ಮಳೆಗೂ ಯಂತ್ರಗಳು ಮುಳುಗುತ್ತವೆ, ಈ ತಿಂಗಳ ಕೊನೆಗೆ ನಿಮ್ಮ ಶೆಡ್ ಬಿಡುತ್ತೇನೆ ಎಂದು ಬರೆದಿದ್ದೆ. ದಯವಿಟ್ಟು ಆ ಪತ್ರವನ್ನು ಹರಿದುಹಾಕಿ.

ಸರ್ಕಾರದ ಅನುದಾನದಲ್ಲಿ ನಮ್ಮ ಬೀದಿಗೆ ಚರಂಡಿ ಆಗಿದೆ. ನಾಲ್ಕು ವರ್ಷ ಅರ್ಜಿ ಹಿಡಿದು ಅಲೆದ ನನಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಮೊನ್ನೆ ಎರಡು ದಿನ ಬಿಡದೆ ಮಳೆ ಸುರಿಯಿತು. ಬೆಳಿಗ್ಗೆ ಹೆದರುತ್ತಲೇ ಬಂದೆ. ಲೇತ್ ನಡೆಸುವ ಸೆಲ್ವಿ ಬಾಗಿಲಲ್ಲೇ ಕೂಗಿದಳು: "ಅಕ್ಕಾ, ತಣ್ಣಿ ಉಳ್ಳೆ ವರವೇ ಇಲ್ಲೆ!" ನೀರು ನಿಜವಾಗಿಯೂ ಒಳಗೆ ಬಂದಿರಲಿಲ್ಲ. ಒಣ ನೆಲದ ಮೇಲೆ ಹಾಗೇ ಕುಳಿತುಬಿಟ್ಟೆ.

ಶೆಡ್ ನೋಡಲು ಬೇರೆಯವರನ್ನು ಕಳಿಸಬೇಡಿ. ಕೆಲಸ ಹೋಗುತ್ತದೆ ಎಂದು ಇಲ್ಲಿ ದುಡಿಯುವ ಎಂಟು ಹೆಂಗಸರಿಗೆ ನಾನಿನ್ನೂ ಹೇಳಿರಲಿಲ್ಲ. ಇನ್ನು ಹೇಳಬೇಕಾಗಿಲ್ಲ.

ಇಂತಿ ನಿಮ್ಮ ಬಾಡಿಗೆದಾರಳು,
ಭವಾನಿ